ಖಾಲಿ ಕುರ್ಚಿಯ ಕಾರ್ಡು

ನಮ್ಮ ಬಿಂಗೊ ಆಟದಲ್ಲಿ ಅಂಕಿಗಳಿರಲಿಲ್ಲ. ಆಡುವವರಿಗೆ ಅಂಕಿಗಳು ಕೈಕೊಡತೊಡಗಿದ್ದವು, ಚಿತ್ರಗಳು ಇನ್ನೂ ಉಳಿದಿದ್ದವು. ಹಾಗಾಗಿ ಒರಳುಕಲ್ಲು, ಕಾಫಿ ಫಿಲ್ಟರು, ಲಾಂದ್ರ, ಹೊಲಿಗೆ ಯಂತ್ರ, ಡಬಲ್ ಡೆಕರ್ ಬಸ್ಸು ಇಂಥವನ್ನೇ ಕಾರ್ಡಿನ ಮನೆಗಳಲ್ಲಿ ಕೂರಿಸಿದ್ದೆ.

ಜಯನಗರದ ಒಂದು ಹಳೆಯ ಮನೆಯ ಕೆಳಮಹಡಿಯಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗಾಗಿ ಹಗಲು ಕೇಂದ್ರವೊಂದು ನಡೆಯುತ್ತದೆ. ಬೆಳಿಗ್ಗೆ ಮನೆಯವರು ಬಿಟ್ಟುಹೋಗುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ನಾನು ಕೆಲಸ ಮಾಡುವ ಜೆ.ಪಿ. ನಗರದ ಸಣ್ಣ ಕಚೇರಿ ಇಂಥ ಕೇಂದ್ರಗಳಿಗೆ ಗುಂಪಿನ ಆಟಗಳನ್ನು ಮಾಡಿಕೊಡುತ್ತದೆ. ಕೇಂದ್ರದ ಸಂಯೋಜಕಿ ಕೇಳಿದ್ದು ಸರಳವಾಗಿತ್ತು. ಹನ್ನೆರಡು ಜನ, ಬುಧವಾರಕ್ಕೊಂದು ಆಟ, ಪ್ರತಿ ಸಲವೂ ಹೊಸ ಕಾರ್ಡು. ಒಬ್ಬರ ಕಾರ್ಡಿನ ಹಾಗೆ ಇನ್ನೊಬ್ಬರದು ಇರಬಾರದು, ಆದರೆ ಯಾರ ಕಾರ್ಡೂ ಇನ್ನೊಬ್ಬರದಕ್ಕಿಂತ ಕಡಿಮೆಯದಾಗಬಾರದು.

ನಲವತ್ತೆಂಟು ಚಿತ್ರಗಳನ್ನು ಆರಿಸಿ ಅಡುಗೆಮನೆ, ಮನೆ, ಬೀದಿ, ಕಸುಬು ಎಂದು ನಾಲ್ಕು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಕಾರ್ಡಿನ ಒಂದೊಂದು ಉದ್ದಸಾಲು, ಸಾಲಿಗೆ ನಾಲ್ಕು ಚಿತ್ರ, ಒಟ್ಟು ಹದಿನಾರು. ಹನ್ನೆರಡು ಕಾರ್ಡುಗಳಿಗೆ ಹಂಚಿದಾಗ ಪ್ರತಿ ಚಿತ್ರವೂ ಸರಿಯಾಗಿ ನಾಲ್ಕು ಕಾರ್ಡುಗಳಲ್ಲಿ ಬರುತ್ತದೆ. ಹೀಗಾಗಿ ಯಾವ ಚಿತ್ರದ ಹೆಸರು ಕರೆದರೂ ಅದರ ಮೇಲೆ ಅಂಗಿಯ ಗುಂಡಿ ಇಡುವ ಕೆಲಸ ನಾಲ್ಕು ಜನರ ಕೈಗೆ ಸಿಗುತ್ತದೆ. ಯಾವ ಎರಡು ಕಾರ್ಡುಗಳಲ್ಲೂ ಆರಕ್ಕಿಂತ ಹೆಚ್ಚು ಚಿತ್ರಗಳು ಒಂದೇ ಆಗಿರಬಾರದೆಂದು ಕಟ್ಟು ಹಾಕಿದೆ, ಇಲ್ಲವಾದರೆ ಪಕ್ಕದವರನ್ನು ನೋಡಿಕೊಂಡೇ ಗುಂಡಿ ಇಡುತ್ತಾರೆ. ಯಾವುದಾದರೂ ಅಡ್ಡಸಾಲಿನ ನಾಲ್ಕೂ ಚಿತ್ರಗಳ ಮೇಲೆ ಗುಂಡಿ ಬಿದ್ದರೆ ಗೆದ್ದ ಹಾಗೆ, ಅಲ್ಲಿಗೆ ಆಟ ನಿಲ್ಲುತ್ತದೆ.

ಕಾರ್ಡುಗಳು ಸಮವಾಗಿದ್ದರೆ ಸಾಕೆಂದುಕೊಂಡಿದ್ದೆ. ಮೊದಲ ಆಟದಲ್ಲೇ ಅದು ಸಾಲದೆಂದು ಗೊತ್ತಾಯಿತು. ಕರೆಯುವ ಕ್ರಮವನ್ನು ಪೂರ್ತಿ ಅದೃಷ್ಟಕ್ಕೆ ಬಿಟ್ಟಿದ್ದೆ. ಒಬ್ಬ ಅಜ್ಜಿಯ ಕಾರ್ಡಿನ ಒಂದು ಚಿತ್ರವೂ ಬಹಳ ಹೊತ್ತು ಬರಲಿಲ್ಲ. ಅವರು ಕಾರ್ಡನ್ನು ಬೋರಲು ಹಾಕಿ, ನನ್ನನ್ನು ಯಾರೂ ಕರೆಯಲೇ ಇಲ್ಲ ಎಂದು ಎದ್ದುಹೋದರು. ಆಮೇಲೆ ಪ್ರೋಗ್ರಾಂ ಒಂದೊಂದು ಆಟಕ್ಕೂ ಸಾವಿರಾರು ಕರೆಯ ಕ್ರಮಗಳನ್ನು ಮಾಡಿ ನೋಡಿ, ಯಾರನ್ನಾದರೂ ಅಷ್ಟು ಕಾಯಿಸುವಂಥವನ್ನು ಎಸೆಯುವ ಹಾಗೆ ಬರೆದೆ. ಕೆಲವು ವಾರಗಳಾದ ಮೇಲೆ ಇನ್ನೊಂದು ದೂರು ಬಂತು, ಕೆಲವರು ಗೆದ್ದೇ ಇಲ್ಲವೆಂದು. ಅದಕ್ಕೆ ಸರದಿಯ ನೆನಪನ್ನು ಸೇರಿಸಿದೆ. ಗುಂಡಿ ಇಡಲು ಮರೆಯುವವರೂ ಇದ್ದುದರಿಂದ ಯಾರು ಗೆದ್ದರೆಂದು ಪ್ರೋಗ್ರಾಂಗೆ ನಾವೇ ತಿಳಿಸಬೇಕು. ಗೆದ್ದವರ ಫೋಟೋವನ್ನು ಸಂಯೋಜಕಿ ಟ್ಯಾಬ್ಲೆಟ್‌ನಲ್ಲಿ ಮುಟ್ಟಿದರೆ ಪ್ರೋಗ್ರಾಂ ಅದನ್ನು ನೆನಪಿಟ್ಟುಕೊಂಡು ಅವರ ಸರದಿಯನ್ನು ಹಿಂದಕ್ಕೆ ಹಾಕುತ್ತದೆ. ಗೆಲ್ಲದೆ ಕಾದವರ ಕಡೆಗೆ ಅದೃಷ್ಟವನ್ನು ಮೆಲ್ಲಗೆ ತಳ್ಳುತ್ತದೆ. ಕಾದಷ್ಟೂ ತಳ್ಳುವ ಬಲ ಹೆಚ್ಚು.

ಗೆದ್ದದ್ದನ್ನೂ ಅವರು ಬೇಗ ಮರೆಯುತ್ತಿದ್ದರು. ಅದಕ್ಕಾಗಿ ಪ್ರತಿಯೊಬ್ಬರಿಗೂ ಅವರದೇ ಒಂದು ಸದ್ದು ಇರಲಿ ಎಂದುಕೊಂಡೆ. ಫೋಟೋ ಮುಟ್ಟಿದೊಡನೆ ಅದು ಪರದೆ ತುಂಬುತ್ತದೆ, ಜೊತೆಗೆ ಆ ಸದ್ದು ಕೇಳಿಸುತ್ತದೆ. ಹಿಂದೆ ಟೈಲರ್ ಆಗಿದ್ದ ತಾತನಿಗೆ ಹೊಲಿಗೆ ಯಂತ್ರದ ಸದ್ದು, ಹಿಂದಿ ಟೀಚರ್ ಆಗಿದ್ದ ಅಜ್ಜಿಗೆ ಶಾಲೆಯ ಗಂಟೆ. ಬಸ್ ಕಂಡಕ್ಟರ್ ಆಗಿದ್ದವರು ಮನೆಯಿಂದ ತಮ್ಮ ಹಿತ್ತಾಳೆಯ ಸೀಟಿಯನ್ನೇ ತಂದಿದ್ದರು. ಜಗಲಿಯಲ್ಲಿ ನಿಲ್ಲಿಸಿ ಫೋನಿನಲ್ಲಿ ಅದನ್ನು ದಾಖಲಿಸಿಕೊಂಡೆ.

"ಒಂದು ಊದಿದ್ರೆ ಹೋಲ್ಡಾನ್, ಬಸ್ಸು ನಿಲ್ಬೇಕು. ಎರಡು ಊದಿದ್ರೆ ರೈಟ್, ಹೊರಡ್ಬೇಕು" ಎಂದು ಅವರು ನನಗೆ ಹೇಳಿಕೊಟ್ಟರು. "ಗೆದ್ದವನು ಮುಂದಕ್ಕೆ ಹೋಗ್ಬೇಕಲ್ವಾ? ಎರಡು ಊದ್ತೀನಿ, ಇಟ್ಕೊಳ್ಳಿ."

ಎರಡು ಊದಿದರು. ಹೊಂಗೆ ಮರದಲ್ಲಿದ್ದ ಕಾಗೆಗಳು ಎದ್ದು ಹಾರಿದವು.

ಕೇಂದ್ರದಲ್ಲಿ ಎಲ್ಲರಿಗೂ ಅವರವರ ಕುರ್ಚಿ ನಿಗದಿಯಾಗಿದೆ. ಜಾಗ ಬದಲಾದರೆ ಅವರಿಗೆ ಗಾಬರಿಯಾಗುತ್ತದೆ. ಕಂಡಕ್ಟರ್ ಕುರ್ಚಿ ಕಿಟಕಿಯ ಪಕ್ಕ, ಅದರ ಪಕ್ಕದ್ದು ಟೀಚರದ್ದು. ಎದುರಿನಿಂದ ಟೈಲರ್ ತಾತ ಪ್ರತಿ ವಾರ ಒಂದೇ ಮಾತು ಕೇಳುತ್ತಿದ್ದರು.

"ಏನ್ ಗುರು, ಲೇಡೀಸ್ ಸೀಟಲ್ಲಿ ಕೂತಿದ್ದೀಯ?"

"ನಿನ್ ತರ ಫುಟ್‌ಬೋರ್ಡಲ್ಲಿ ನೇತಾಡ್ಬೇಕಾ?"

ಇಬ್ಬರೂ ಅದನ್ನು ಆಗಷ್ಟೇ ಹೊಳೆದ ಮಾತೆಂಬಂತೆ ನಗುತ್ತಿದ್ದರು. ಟೀಚರ್ ಮಾತ್ರ ನಗದೆ, ಕಂಡಕ್ಟರ ಕಾರ್ಡಿನಲ್ಲಿ ತಪ್ಪಿಹೋದ ಗುಂಡಿಗಳನ್ನು ಸರಿಯಾದ ಚಿತ್ರಕ್ಕೆ ಸರಿಸುತ್ತಿದ್ದರು. ನಲವತ್ತು ಮಕ್ಕಳ ಕಾಪಿ ತಿದ್ದಿದ ಕೈ.

ಮಳೆಗಾಲದ ಕೊನೆಯಲ್ಲಿ ಕಂಡಕ್ಟರ್ ಆಸ್ಪತ್ರೆ ಸೇರಿದರು. ಮರಳಿ ಬರಲಿಲ್ಲ. ಕೇಂದ್ರದಲ್ಲಿ ಸಾವಿನ ಸುದ್ದಿಯನ್ನು ಹಿರಿಯರಿಗೆ ಯಾರೂ ಹೇಳುವುದಿಲ್ಲ. ಇಂದು ಹೇಳಿದರೆ ಇಂದು ಅಳುತ್ತಾರೆ, ನಾಳೆ ಮರೆತು ಮತ್ತೆ ಕೇಳುತ್ತಾರೆ, ಮತ್ತೆ ಹೇಳಿದರೆ ಮೊದಲ ಸಲ ಕೇಳಿದಂತೆಯೇ ಅಳುತ್ತಾರೆ. ಆದ್ದರಿಂದ ಹೋದವರೆಲ್ಲ ಊರಿಗೆ ಹೋಗಿದ್ದಾರೆ ಎನ್ನುತ್ತಾರೆ. ಕುರ್ಚಿಯನ್ನು ತೆಗೆಯುವುದಿಲ್ಲ, ಹೆಸರನ್ನೂ ಅಳಿಸುವುದಿಲ್ಲ, ಹೊಸಬರು ಬರುವವರೆಗೆ ಹಾಗೇ ಬಿಡುತ್ತಾರೆ.

ಪಟ್ಟಿಯಲ್ಲಿ ಹೆಸರಿದ್ದುದರಿಂದ ಮುಂದಿನ ಬುಧವಾರವೂ ಪ್ರಿಂಟರಿನಿಂದ ಕಂಡಕ್ಟರ ಕಾರ್ಡು ಹೊರಬಂತು. ಮೂಲೆಯಲ್ಲಿ ಅವರ ಫೋಟೋ ಇದ್ದ ಅದನ್ನು ಹರಿಯಲು ಸಂಯೋಜಕಿಗೆ ಮನಸ್ಸಾಗಲಿಲ್ಲ. ಖಾಲಿ ಕುರ್ಚಿಯ ಮುಂದೆ ಇಟ್ಟರು. ಟೀಚರ್ ತಮ್ಮ ಕಾರ್ಡಿನ ಜೊತೆ ಅದನ್ನೂ ಆಡತೊಡಗಿದರು.

ಇದನ್ನೆಲ್ಲ ಸಂಯೋಜಕಿ ನನಗೆ ಫೋನಿನಲ್ಲಿ ಹೇಳಿದ್ದು ಒಂದು ಮಧ್ಯಾಹ್ನ. "ಮೇಡಂ, ಒಂದ್ಸಲ ಬಂದು ನೋಡ್ತೀರಾ? ಅವ್ರ ಕಾರ್ಡೇ ಗೆಲ್ತಿದೆ."

ಒಂದು ಸಲವೇ ಎಂದು ಕೇಳಿದೆ. ಪ್ರತಿ ವಾರ ಎಂದರು.

ಹನ್ನೆರಡರಲ್ಲಿ ಒಂದು ಕಾರ್ಡು ಗೆಲ್ಲುವುದರಲ್ಲಿ ವಿಶೇಷವಿಲ್ಲ. ಅದೇ ಕಾರ್ಡು ಸತತ ಮೂರು ಸಲ ಗೆಲ್ಲುವ ಸಂಭವ ಸಾವಿರದ ಏಳುನೂರ ಇಪ್ಪತ್ತೆಂಟರಲ್ಲಿ ಒಂದು. ಆಮೇಲೆ ಲೆಕ್ಕ ಮಾಡುವುದನ್ನು ಬಿಟ್ಟೆ. ಸರದಿಯ ನೆನಪಿನ ಮೇಲೆ ನನಗೆ ಅನುಮಾನ ಬರಲಿಲ್ಲ. ಗೆದ್ದವರ ಸರದಿ ಹಿಂದಕ್ಕೆ ಹೋಗುತ್ತದೆ, ಅವರು ಗೆದ್ದಿದ್ದರು. ಹಾಗಾಗಿ ಅಲ್ಲೊಂದು ಬಿಟ್ಟು ಬೇರೆಲ್ಲ ಕಡೆ ಹುಡುಕಿದೆ.

ಆ ಬುಧವಾರ ಟೀಚರ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಅವರು ತಪ್ಪು ಚಿತ್ರಕ್ಕೆ ಗುಂಡಿ ಇಡುತ್ತಿರಬಹುದು ಎಂಬುದು ನನ್ನ ಮೊದಲ ಊಹೆ. ಹೊರಗೆ ಬಿಸಿಲಿತ್ತು, ಆದರೂ ಹೊಂಗೆಯ ನೆರಳು ಆಟದ ಕೋಣೆಯನ್ನು ಯಾವಾಗಲೂ ಮಂಕಾಗಿಯೇ ಇಡುತ್ತದೆ. ಸಂಯೋಜಕಿ ಟ್ಯಾಬ್ಲೆಟ್ ನೋಡಿಕೊಂಡು ನಿಧಾನವಾಗಿ ಕರೆಯುತ್ತಿದ್ದರು. ಬೀದಿ, ಕಡಲೆಕಾಯಿ ಗಾಡಿ. ಅಡುಗೆಮನೆ, ಒರಳುಕಲ್ಲು. ಟೀಚರ ಕೈ ತಮ್ಮ ಕಾರ್ಡಿನ ಮೇಲೆ ತಡವರಿಸುತ್ತಿತ್ತು, ಪಕ್ಕದ ಕಾರ್ಡಿನ ಮೇಲೆ ತಡವರಿಸುತ್ತಿರಲಿಲ್ಲ. ಒಮ್ಮೆ ಅವರು ಕಂಡಕ್ಟರ ಕಾರ್ಡಿನ ಲಾಂದ್ರದ ಮೇಲೆ ಗುಂಡಿ ಇಟ್ಟರು. ಲಾಂದ್ರವನ್ನು ಯಾರೂ ಕರೆದಿರಲಿಲ್ಲ. ತಪ್ಪು ಸಿಕ್ಕಿತೆಂದು ನಾನು ಬರೆದುಕೊಳ್ಳುವಷ್ಟರಲ್ಲಿ ಸಂಯೋಜಕಿಯ ದನಿ ಬಂತು.

"ಮನೆ. ಲಾಂದ್ರ."

ನಾನು ಪೆನ್ನನ್ನು ಮಡಿಲಲ್ಲಿ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರಕ್ಕೂ ಹಾಗೇ ಆಯಿತು. ಗುಂಡಿ ಮೊದಲು, ಕರೆ ಆಮೇಲೆ. ಕಂಡಕ್ಟರ ಅಡ್ಡಸಾಲು ತುಂಬಿತು. ಟೀಚರ್ ಕೈಯೆತ್ತಿ, ತಮ್ಮನ್ನಲ್ಲ, ಪಕ್ಕದ ಕುರ್ಚಿಯನ್ನು ತೋರಿಸಿದರು.

"ಬಂದ್ನಪ್ಪಾ ಕಂಡಕ್ಟರ್" ಎಂದರು ಟೈಲರ್ ತಾತ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಟ್ಟುಕೊಂಡಿದ್ದರು. ಸಂಯೋಜಕಿ ಮುಂದಿನ ಚಿತ್ರ ಕರೆದರು. ಇನ್ನೊಂದಿಷ್ಟು ಚಿತ್ರಗಳಾದ ಮೇಲೆ ಬೇರೊಬ್ಬ ಅಜ್ಜಿ ಗೆದ್ದು, ಅವರ ಸದ್ದು ಕೇಳಿಸಿ ಆಟ ಮುಗಿಯಿತು. ನಾನು ಆ ಹೊತ್ತಿಗೆ ಕಂಡಕ್ಟರ ಕಾರ್ಡನ್ನು ಪರೀಕ್ಷಿಸುತ್ತಿದ್ದೆ. ಎಲ್ಲ ಗುಂಡಿಗಳೂ ಸರಿಯಾಗಿದ್ದವು.

ಊಟಕ್ಕೆ ಅನ್ನ, ಹುಳಿ, ಬೀನ್ಸ್ ಪಲ್ಯ. ಟೀಚರ್ ತಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಖಾಲಿ ಕುರ್ಚಿಯ ಮುಂದೆ ಸರಿಯಾಗಿಟ್ಟು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಊಟ ಮಾಡಿ ಎಂದೆ.

"ಅವರು ಬೆಳಿಗ್ಗೆಯಿಂದ ಕೂತಿದ್ದಾರಮ್ಮ" ಎಂದರು. "ಇಳಿಯೋಕೆ ಬಿಡ್ತಿಲ್ಲ. ಸ್ಟಾಪ್ ಬಂತು ಅಂತ ನಾನು ಕೈ ತೋರಿಸ್ತೀನಿ, ಆದ್ರೂ ನಿಲ್ಸಲ್ಲ. ಹಾಗೇ ಓಡಿಸ್ಕೊಂಡು ಹೋಗ್ತಾರೆ."

ಅವರು ಹೇಳಿದ್ದನ್ನು ಕಾಯಿಲೆಯ ಮಾತೆಂದುಕೊಂಡು ನಾನು ಬರೆದುಕೊಳ್ಳಲಿಲ್ಲ. ಕೇಂದ್ರದ ಕೆಲಸದ ಆಯಾ ಆ ತಟ್ಟೆಯನ್ನು ಮುಟ್ಟದೆ ಬಹಳ ಹೊತ್ತು ಬಿಟ್ಟಳು. ಆ ಕುರ್ಚಿಯ ಕೆಳಗೆ ಅವಳು ಕಸ ಗುಡಿಸುವುದನ್ನೂ ಬಿಟ್ಟಿದ್ದಳು. ಅಲ್ಲಿ ಹೊಂಗೆಯ ಒಣ ಎಲೆಗಳು ಹಾಗೇ ಇದ್ದವು.

ಸಂಜೆ ಟೀಚರ ಮಗಳು ಬಂದರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ತಾಯಿ ಮಗಳು ಇಬ್ಬರೇ ಬೇಗೂರಿನಲ್ಲಿರುತ್ತಾರೆ. ಅಮ್ಮನ ತೋಳು ಹಿಡಿದು ರವಿಕೆ ಎಷ್ಟು ಸಡಿಲವಾಗಿದೆ ಎಂದು ನನಗೆ ತೋರಿಸಿದರು. ಮನೆಯಲ್ಲೂ ತಟ್ಟೆಯನ್ನು ಯಾರಿಗೋ ಸರಿಸುತ್ತಾರಂತೆ. ಹೀಗೆ ತೂಕ ಇಳಿದರೆ ಕಷ್ಟ ಎಂದು ಡಾಕ್ಟರ್ ಹೇಳಿದ್ದರು.

"ಇಲ್ಲಿ ಆ ಖಾಲಿ ಕುರ್ಚಿಗೆ ಆಡೋಕೆ ಶುರು ಮಾಡಿದ್ಮೇಲೇ ಹೀಗೆ ಮೇಡಂ. ಸರಿ ಹೋಗ್ಲಿಲ್ಲಾಂದ್ರೆ ಕಳಿಸೋದು ನಿಲ್ಲಿಸ್ತೀನಿ."

ನಿಲ್ಲಿಸಿದರೆ ಹಗಲು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ.

"ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ಇನ್ನೇನ್ ಮಾಡ್ಲಿ?"

ನಾನು ಬಿ.ಟಿ.ಎಂ.ನಲ್ಲಿ ಒಂಟಿ ಕೋಣೆಯಲ್ಲಿ ಇರುವವಳು. ಬೀಗದ ಒಳಗಿನ ನಿಶ್ಶಬ್ದ ಹೇಗಿರುತ್ತದೆಂದು ಗೊತ್ತು. ನನ್ನ ಬಳಿಯಾದರೂ ಕೀಲಿಕೈ ಇರುತ್ತದೆ.

ಮರುದಿನ ಕಚೇರಿಯಲ್ಲಿ ಹನ್ನೆರಡು ಕಾಲ್ಪನಿಕ ಹೆಸರುಗಳನ್ನು ಕೊಟ್ಟು, ಪ್ರೋಗ್ರಾಂ ತನ್ನಷ್ಟಕ್ಕೆ ಒಂದು ಲಕ್ಷ ಆಟಗಳನ್ನು ಆಡುವ ಹಾಗೆ ಮಾಡಿದೆ. ಆಟ ಮುಗಿದೊಡನೆ ಗೆದ್ದವರನ್ನು ಅದೇ ಗುರುತು ಹಾಕಿಕೊಂಡು ಮುಂದಕ್ಕೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ಹನ್ನೆರಡು ಜನರ ಗೆಲುವೂ ಹೆಚ್ಚುಕಡಿಮೆ ಒಂದೇ. ಹನ್ನೆರಡು ಕಂಬಗಳ ನಕ್ಷೆ ಗೋಡೆಯ ಹಾಗೆ ಸಮತಟ್ಟಾಗಿ ನಿಂತಿತ್ತು. ಒಬ್ಬ ಕಾಲ್ಪನಿಕನನ್ನು ಗೈರುಹಾಜರು ಮಾಡಿ, ಮತ್ತೆ ಕರೆದು, ಹೆಸರುಗಳ ಕ್ರಮವನ್ನು ತಿರುವುಮುರುವು ಮಾಡಿ ನೋಡಿದೆ. ಗೋಡೆ ಅಲ್ಲಾಡಲಿಲ್ಲ. ಪ್ರೋಗ್ರಾಂನಲ್ಲಿ ತಪ್ಪಿಲ್ಲ ಎಂದು ಸಾಬೀತಾದಾಗ ಸಾಮಾನ್ಯವಾಗಿ ನನಗೆ ನೆಮ್ಮದಿಯಾಗುತ್ತದೆ. ಅಂದು ಎದ್ದುಹೋಗಿ ಕಿಟಕಿಯ ಪರದೆ ಸರಿಸಿ ಬಿಸಿಲು ಒಳಗೆ ಬಿಟ್ಟುಕೊಂಡೆ.

ಕಾರಣ ಸಿಗದಿದ್ದರೂ ಪರಿಣಾಮವನ್ನು ತಡೆಯಬಹುದಿತ್ತು. ಕಂಡಕ್ಟರ ಹೆಸರನ್ನೇ ತೆಗೆಯೋಣವೆಂದರೆ ಸಂಯೋಜಕಿ ಒಪ್ಪಲಿಲ್ಲ. ಒಂದು ಸಲ ಕಾರ್ಡು ಇಡದಿದ್ದಾಗ ಟೀಚರ್ ಅದನ್ನು ಮೇಜಿನ ಕೆಳಗೆ, ಪರದೆಗಳ ಹಿಂದೆ, ಎಲ್ಲರ ಮಡಿಲಲ್ಲಿ ಹುಡುಕಿದ್ದರಂತೆ. ಹಾಗಾದರೆ ಕಾರ್ಡು ಬರಲಿ, ಗೆಲ್ಲದಿರಲಿ ಎಂದುಕೊಂಡೆ. ಅವರ ಸಾಲು ಮೊದಲು ತುಂಬುವಂಥ ಕ್ರಮ ಬಂದರೆ ಎಸೆದುಬಿಡು ಎಂದು ಒಂದೇ ಸಾಲಿನ ಕೋಡ್ ಬರೆದೆ. ಇದು ಸುಲಭದ ಕೆಲಸ. ಸುಲಭವಾಗಿದ್ದೇ ನನಗೆ ಹಿಡಿಸಿರಲಿಲ್ಲ.

ಮುಂದಿನ ಬುಧವಾರ ಕೋಡ್ ತನ್ನ ಕೆಲಸ ಮಾಡಿತು. ಕಂಡಕ್ಟರ ಕಾರ್ಡು ಗೆಲ್ಲಲಿಲ್ಲ. ಟೈಲರ್ ತಾತ ಗೆದ್ದರು, ಹೊಲಿಗೆ ಯಂತ್ರ ಕಟಕಟ ಎಂದಿತು, ಅವರು ಎದ್ದು ಎಲ್ಲರಿಗೂ ಸಲಾಮು ಹೊಡೆದರು. ಆಮೇಲೆ ನಾನು ಖಾಲಿ ಕುರ್ಚಿಯ ಮುಂದಿನ ಕಾರ್ಡನ್ನು ನೋಡಿದೆ. ನಾಲ್ಕೂ ಅಡ್ಡಸಾಲುಗಳಲ್ಲಿ ಮೂರು ಮೂರು ಗುಂಡಿಗಳಿದ್ದವು. ನಾಲ್ಕು ಕಡೆಯಿಂದಲೂ ಬಾಗಿಲ ತನಕ ಬಂದು ನಿಂತ ಹಾಗಿತ್ತು. ನಾನು ಆ ಕಾರ್ಡಿನಿಂದ ಕಣ್ಣು ತೆಗೆದು ಬೇರೆ ಕಡೆ ನೋಡಿದೆ.

ಟೀಚರ್ ಮುಂದಿನ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಕಾಯುತ್ತಿದ್ದರು. ಆಟ ಮುಗಿಯಿತೆಂದರೆ ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಒಂದು ಇದೆ ಎಂದರು. ಮೇಜು ಒರೆಸಲು ಬಂದ ಆಯಾಳ ಕೈಯನ್ನು ತಡೆದರು. ಊಟ ಬಂದು ಆರಿತು. ಅಂದು ತಟ್ಟೆಯನ್ನು ಪಕ್ಕಕ್ಕೂ ಸರಿಸಲಿಲ್ಲ, ನೀರೂ ಕುಡಿಯಲಿಲ್ಲ, ಸಂಯೋಜಕಿಯ ತುಟಿಗಳನ್ನೇ ನೋಡುತ್ತಾ ಕೂತಿದ್ದರು. ಮಗಳು ಬಂದ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗುಂಡಿಯನ್ನು ತೆಗೆಯಬೇಕಾಯಿತು. ಅಂಗೈಯಲ್ಲಿ ಗುಂಡಿಯ ನಾಲ್ಕು ತೂತುಗಳೂ ಮೂಡಿದ್ದವು.

ಮಗಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮುಂದಿನ ಬುಧವಾರ ನಾನೇ ಬಂದು ಕೂತು ನೋಡ್ತೀನಿ. ಅವತ್ತೂ ಹೀಗೇ ಇದ್ರೆ ಅಲ್ಲಿಗೆ ಮುಗೀತು" ಎಂದಷ್ಟೇ ಹೇಳಿ, ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು.

ನಾನು ಆ ಒಂದು ಸಾಲಿನ ಕೋಡ್ ಅಳಿಸಿದೆ. ಅದರ ಜಾಗಕ್ಕೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಬುಧವಾರ ಏನೂ ಇಲ್ಲದೆ, ಬರಿಗೈಯಲ್ಲಿ ಹೋದೆ.

ಅಂದು ಟೀಚರ ಹಿಂದೆ ಮಗಳು ಕೂತಿದ್ದರು. ಇನ್ನೊಂದು ಸ್ಟೂಲಿಗೆ ಅಲ್ಲಿ ಜಾಗವಿತ್ತು, ಖಾಲಿ ಕುರ್ಚಿಯ ಹಿಂದೆ. ನಾನು ಅಲ್ಲಿ ಕೂರಲಿಲ್ಲ. ಎದುರಿಗೆ, ಸಂಯೋಜಕಿಯ ಪಕ್ಕ ಹೋಗಿ ಕೂತೆ. ಇದರಲ್ಲಿ ಯಾವ ಜಾಣತನವೂ ಇರಲಿಲ್ಲ, ಹೆದರಿಕೆಯಷ್ಟೇ.

ಆಟ ಹಿಂದಿನಂತೆಯೇ ನಡೆಯಿತು. ಟೀಚರ ಕೈ ಕರೆಗಿಂತ ಮುಂದಿತ್ತು. ಕಡಲೆಕಾಯಿ ಗಾಡಿ, ರೇಡಿಯೋ, ಕಾಫಿ ಫಿಲ್ಟರು. ಕೊನೆಗೆ ಕಸುಬಿನ ಗುಂಪಿನಿಂದ ಟಿಕೆಟ್ ಪೆಟ್ಟಿಗೆ ಬಂದು ಕಂಡಕ್ಟರ ಅಡ್ಡಸಾಲು ತುಂಬಿತು. ಟೀಚರ್ ಕೈಯೆತ್ತಿ ಪಕ್ಕಕ್ಕೆ ತೋರಿಸಿದರು.

ಈ ಸಲ ನನ್ನ ಕಣ್ಣ ಮುಂದಿದ್ದದ್ದು ಕಾರ್ಡಲ್ಲ, ಟ್ಯಾಬ್ಲೆಟ್. ಸಂಯೋಜಕಿಯ ತೋರುಬೆರಳು ಹನ್ನೆರಡು ಫೋಟೋಗಳ ಮೇಲೆ ಸರಿದು ಕಂಡಕ್ಟರ ಫೋಟೋದ ಮೇಲೆ ನಿಂತಿತು. ಗಾಜಿಗೆ ಕೂದಲೆಳೆಯಷ್ಟೇ ದೂರವಿತ್ತು. ಆಮೇಲೆ ಹಿಂದಕ್ಕೆ ಬಂದು, ಮುಂದಿನ ಚಿತ್ರದ ಗುರುತನ್ನು ಒತ್ತಿತು.

"ಬೀದಿ" ಎಂದು ಅವರು ಕರೆಯಲು ಹೊರಟಾಗ ನಾನು ಅವರ ಮಣಿಕಟ್ಟು ಹಿಡಿದೆ. ಯಾರನ್ನೂ ಹಾಗೆ ಹಿಡಿಯುವವಳಲ್ಲ ನಾನು. ಯಾಕೆ ಮುಟ್ಟಲಿಲ್ಲ ಎಂದು ಮೆಲ್ಲಗೆ ಕೇಳಿದೆ.

"ಮುಟ್ಟಿದ್ರೆ ಸೀಟಿ ಬರತ್ತಲ್ಲ ಮೇಡಂ" ಎಂದರು. "ಇಷ್ಟು ಜನರ ಮುಂದೆ ಅವ್ರ ಸೀಟಿ ಹೇಗೆ ಊದಿಸ್ಲಿ?"

"ಅವರು ಹೋದ್ಮೇಲೆ ಒಂದ್ಸಲವೂ ಮುಟ್ಟಿಲ್ವಾ?"

"ಇಲ್ಲ. ಬೇರೆಯವ್ರು ಗೆಲ್ಲೋ ತನಕ ಮುಂದಕ್ಕೆ ಆಡಿಸ್ತೀನಿ."

ಅಷ್ಟು ಸಾಕಾಗಿತ್ತು. ಮುಟ್ಟದಿದ್ದರೆ ಪ್ರೋಗ್ರಾಂಗೆ ಗೆಲುವು ತಿಳಿಯುವುದಿಲ್ಲ. ಕಂಡಕ್ಟರ್ ಗೆದ್ದ ಪ್ರತಿ ವಾರವೂ ಅದರ ನೆನಪಿನಲ್ಲಿ ಅವರು ಗೆಲ್ಲದೆ ಕಾದ ಇನ್ನೊಂದು ವಾರವಾಗಿತ್ತು. ಕಾದಷ್ಟೂ ಅದು ಅವರ ಕಡೆಗೆ ಹೆಚ್ಚು ತಳ್ಳಿತು. ಕೊನೆಕೊನೆಗೆ ಕರೆಯ ಕ್ರಮವೆಲ್ಲ ಅವರ ಚಿತ್ರಗಳಿಂದಲೇ ತುಂಬಿತು. ಆ ಕಾರ್ಡಿನ ಮೇಲೆ ಎಲ್ಲಿ ಗುಂಡಿ ಇಟ್ಟರೂ ಕರೆ ಬಂದೇ ಬರುತ್ತದೆಂಬುದು ಟೀಚರ ಕೈಗೆ ರೂಢಿಯಾಗಿತ್ತು. ನಾನು ಗೆಲುವನ್ನು ತಡೆದಾಗ ಪ್ರೋಗ್ರಾಂ ಕಂಡಕ್ಟರನ್ನು ನಾಲ್ಕು ಸಾಲುಗಳ ಅಂಚಿನವರೆಗೆ ತಂದು ನಿಲ್ಲಿಸಿತ್ತು. ನನ್ನ ಒಂದು ಲಕ್ಷ ಆಟಗಳಲ್ಲಿ ಇದು ಕಾಣಿಸಲಿಲ್ಲ, ಏಕೆಂದರೆ ಅಲ್ಲಿ ಗೆದ್ದವರನ್ನು ಗುರುತು ಹಾಕಲು ಯಾರಿಗೂ ಸಂಕೋಚವಿರಲಿಲ್ಲ.

ಎಲ್ಲರೂ ಮುಂದಿನ ಕರೆಗೆ ಕಾಯುತ್ತಿದ್ದರು. ಟೀಚರ ಕೈ ಇನ್ನೂ ಮೇಲೆಯೇ ಇತ್ತು.

ಟ್ಯಾಬ್ಲೆಟ್ ಕೊಡಿ, ಸದ್ದು ಬಾರದ ಹಾಗೆ ಒಳಗಿನಿಂದಲೇ ಗೆಲುವನ್ನು ಬರೆದುಬಿಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ನನ್ನ ಸ್ವಭಾವಕ್ಕೆ ಒಪ್ಪುವ ದಾರಿ ಅದೇ. ಮುಂದಿನ ವಾರದಿಂದ ಕಾರ್ಡು ಎಲ್ಲರದರಂತಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆಗ ಟೀಚರ ಎತ್ತಿದ ಕೈ ಕಣ್ಣಿಗೆ ಬಿತ್ತು. ಸ್ಟಾಪ್ ಬಂತು ಅಂತ ಕೈ ತೋರಿಸ್ತೀನಿ, ಆದ್ರೂ ನಿಲ್ಸಲ್ಲ, ಹಾಗೇ ಓಡಿಸ್ಕೊಂಡು ಹೋಗ್ತಾರೆ. ಅವರು ಪ್ರತಿ ಬುಧವಾರ ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಸಾಲು ತುಂಬಿದರೂ ಆ ಒಬ್ಬರಿಗಾಗಿ ಮಾತ್ರ ನಾವು ಆಟವನ್ನು ನಿಲ್ಲಿಸುತ್ತಿರಲಿಲ್ಲ. ಗುಟ್ಟಾಗಿ ಬರೆದರೆ ಪ್ರೋಗ್ರಾಂ ಸರಿಹೋಗುತ್ತದೆ, ಆ ಕೈ ಇಳಿಯುವುದಿಲ್ಲ.

"ಮುಟ್ಟಿ" ಎಂದೆ. "ಎಲ್ಲರಿಗೂ ಹೇಗೆ ಮಾಡ್ತೀರೋ ಹಾಗೇ."

ಸಂಯೋಜಕಿ ನನ್ನನ್ನು ನೋಡಿದರು. ಆಮೇಲೆ ಬೆನ್ನು ನೇರ ಮಾಡಿಕೊಂಡು, ಪ್ರತಿ ವಾರದ ದನಿಯಲ್ಲೇ, ಈ ಆಟ ಕಂಡಕ್ಟರ್ ಅವರು ಗೆದ್ದಿದ್ದಾರೆ ಎಂದು ಹೇಳಿದರು. ಬೆರಳು ಗಾಜನ್ನು ಮುಟ್ಟಿತು. ಕಂಡಕ್ಟರ ಮುಖ ಪರದೆ ತುಂಬಿತು, ಜಗಲಿಯ ಬೆಳಕಿನಲ್ಲಿ ತೆಗೆದ ನಗುಮುಖ.

ಸೀಟಿ ಕೇಳಿಸಿತು. ಒಂದೇ ಸೀಟಿ, ಉದ್ದಕ್ಕೆ.

ಆ ಸದ್ದು ಮುಗಿದ ಮೇಲೂ ಇನ್ನೊಂದು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಫ್ಯಾನು ತಿರುಗುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯ ಕೆಳಗೆ ಒಣ ಎಲೆಗಳು ಒಂದಿಷ್ಟು ಸರಿದವು. ಬಾಗಿಲು ತೆರೆದಿತ್ತು, ಗಾಳಿ ಇದ್ದಿರಬೇಕು.

"ಹೋಲ್ಡಾನ್" ಎಂದರು ಟೈಲರ್ ತಾತ, ತಮಗೇ ಎಂಬಂತೆ.

ಟೀಚರ್ ಕೈ ಇಳಿಸಿದರು. ಮಂಡಿಗಳನ್ನು ಪಕ್ಕಕ್ಕೆ ತಿರುಗಿಸಿ, ಸೀರೆಯ ನೆರಿಗೆ ಎಳೆದುಕೊಂಡು, ಬಸ್ಸಿನಲ್ಲಿ ಕಿಟಕಿಯ ಪಕ್ಕದವರು ಎದ್ದಾಗ ದಾರಿ ಬಿಡುವಂತೆ ದಾರಿ ಬಿಟ್ಟರು. ಯಾರೋ ದಾಟಿ ಹೋಗಲು ಬೇಕಾಗುವಷ್ಟು ಹೊತ್ತು ಹಾಗೇ ಕೂತಿದ್ದರು. ಆಮೇಲೆ ಮೊದಲಿನಂತೆ ತಿರುಗಿ, ಪಕ್ಕದ ಕಾರ್ಡಿನ ಗುಂಡಿಗಳನ್ನು ಒಂದೊಂದಾಗಿ ತೆಗೆದು ಡಬ್ಬಕ್ಕೆ ಹಾಕಿದರು.

ಊಟ ಬಂದಾಗ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮಗಳು ಹಿಂದಿನಿಂದ ನೋಡುತ್ತಿದ್ದರು. ಟೀಚರ್ ಹುಳಿಯನ್ನ ಕಲಸಿ, ಮೊದಲ ತುತ್ತು ಬಾಯಿಗಿಟ್ಟು, ಹಿಂದಕ್ಕೆ ತಿರುಗಿ ಮಗಳನ್ನು ಕೇಳಿದರು.

"ನಿಂದು ಆಯ್ತಾ?"

ಮಗಳು ಆಯಿತೆಂದು ತಲೆಯಾಡಿಸಿದರು. ಆಗಿರಲಿಲ್ಲ.

ಮರುದಿನ ಕಚೇರಿಗೆ ಬಂದವಳು ಮೊದಲು ಆ ಧ್ವನಿಯ ಫೈಲನ್ನು ತೆರೆದೆ. ಕೇಂದ್ರದ ಟ್ಯಾಬ್ಲೆಟ್‌ನಲ್ಲಿ ಇರುವುದೂ ಅದೇ ಫೈಲು. ಎರಡು ಸೀಟಿಗಳಿದ್ದವು. ಮೊದಲನೆಯದು, ಚಿಕ್ಕ ಬಿಡುವು, ಎರಡನೆಯದು, ಹಿಂದೆಯೇ ಕಾಗೆಗಳು. ಪರದೆಯನ್ನು ಎರಡನೇ ಸಲ ಮುಟ್ಟಿದರೆ ಸದ್ದು ಅರ್ಧಕ್ಕೇ ನಿಲ್ಲುತ್ತದೆ. ಸಂಯೋಜಕಿಗೆ ಫೋನ್ ಮಾಡಿ ಬೆರಳು ಮತ್ತೆ ತಾಗಿತ್ತೇ ಎಂದು ವಿಚಾರಿಸಿದೆ. ಒಂದೇ ಸಲ ಮುಟ್ಟಿದ್ದು ಎಂದರು. ಸ್ಪೀಕರಿನ ದೋಷವೂ ಇರಬಹುದು. ಟ್ಯಾಬ್ಲೆಟ್ ತರಿಸಿ ಪರೀಕ್ಷಿಸಬಹುದಿತ್ತು, ಅದು ನನ್ನ ಕೆಲಸವೂ ಹೌದು. ತರಿಸಲಿಲ್ಲ.

ಕಂಡಕ್ಟರ ಹೆಸರನ್ನು ಈಗ ತೆಗೆಯಬಹುದು ಎಂದು ಸಂಯೋಜಕಿಯೇ ಹೇಳಿದರು. ತೆಗೆದೆ. ಹನ್ನೊಂದು ಕಾರ್ಡುಗಳಿಗೆ ನನ್ನ ಲೆಕ್ಕ ಸಮ ಬರುವುದಿಲ್ಲ. ನಲವತ್ತೆಂಟರಲ್ಲಿ ಹದಿನಾರು ಚಿತ್ರಗಳು ನಾಲ್ಕರ ಬದಲು ಮೂರೇ ಕಾರ್ಡುಗಳಲ್ಲಿ ಬರುತ್ತವೆ, ಸರಿಯಾಗಿ ಒಂದು ಕಾರ್ಡಿನಷ್ಟು ಕೊರತೆ. ಹೊಸಬರು ಬರುವವರೆಗೆ ಅದನ್ನು ಸರಿಪಡಿಸುವ ಯಾವ ಉಪಾಯವನ್ನೂ ಹೂಡದೆ ಹಾಗೇ ಬಿಟ್ಟೆ.

ಹನ್ನೊಂದು ಕಾರ್ಡುಗಳ ಮೊದಲ ಆಟಕ್ಕೆ ನಾನೂ ಹೋಗಿದ್ದೆ. ಟೀಚರ್ ತಮ್ಮ ಒಂದು ಕಾರ್ಡನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಬೆಳಗಿನ ತಿಂಡಿ ಏನೆಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ನಾನು ಯಾರೆಂಬುದೂ ಗೊತ್ತಾಗಲಿಲ್ಲ. ಹೊಸ ಟೀಚರಾ ಎಂದು ವಿಚಾರಿಸಿದರು. ಆಯಾ ಕಿಟಕಿಯ ಪಕ್ಕದ ಕುರ್ಚಿಯ ಕೆಳಗೆ ಗುಡಿಸುತ್ತಿದ್ದಳು.

"ಏನಮ್ಮಾ, ಎಲ್ಲಿ ನಿಮ್ಮ ಕಂಡಕ್ಟರ್?" ಎದುರಿನಿಂದ ಟೈಲರ್ ತಾತ ಕೇಳಿದರು. "ಊರಿಂದ ಬಂದಿಲ್ವಾ ಇನ್ನೂ?"

ಟೀಚರ್ ತಲೆಯೆತ್ತಲಿಲ್ಲ. ಕಾರ್ಡಿನ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸುತ್ತಿದ್ದರು.

"ಅವತ್ತೇ ಇಳಿದ್ರಲ್ಲ" ಎಂದರು. "ನೀವೂ ಕೇಳಿಸ್ಕೊಂಡ್ರಿ. ಒಂದೇ ಸೀಟಿ."